29 ಡಿಗ್ರಿ ಇದ್ದರೂ ಕುರ್ಚಿ ಖಾಲಿ

ಚಿಕ್ಕಮಗಳೂರಿನ ಹತ್ತಿರದ ಒಂದು ರೆಸಾರ್ಟ್‌ನವರು ಮಾರ್ಚ್‌ನಲ್ಲಿ ಕರೆಸಿದ್ದರು. "ಸರ್, 29 ಡಿಗ್ರಿ ಅಷ್ಟೇ ಇದೆ. ಆದ್ರೂ ಮಧ್ಯಾಹ್ನ ಪೂಲ್ ಪಕ್ಕ ಒಬ್ಬರೂ ಕೂರಲ್ಲ" ಅಂದರು ಮಾಲೀಕರು. ನಾನು ಬ್ಯಾಗಿನಿಂದ ಕಪ್ಪು ಬಣ್ಣ ಬಳಿದ ಟೇಬಲ್ ಟೆನಿಸ್ ಚೆಂಡು ತೆಗೆದೆ. ಒಳಗೆ ಥರ್ಮಾಮೀಟರಿನ ತುದಿ ತೂರಿಸಿದ್ದೇನೆ. ಬಿಸಿಲಿಗೆ ನೇತುಹಾಕಿ ಇಪ್ಪತ್ತು ನಿಮಿಷ ಬಿಟ್ಟೆವು. 41 ತೋರಿಸಿತು. ಪಕ್ಕದ ಹಲಸಿನ ಮರದಡಿ ಅದೇ ಚೆಂಡು 30ಕ್ಕೆ ಇಳಿಯಿತು.

ಹವಾಮಾನ ಇಲಾಖೆ ಹೇಳುವುದು ನೆರಳಿನ ಗಾಳಿಯ ಬಿಸಿ. ಬಿಳಿ ಪೆಟ್ಟಿಗೆಯೊಳಗೆ ಅಳೆದದ್ದು. ನಾವು ಪೆಟ್ಟಿಗೆಯಲ್ಲಿ ಕೂರಲ್ಲ ಅಲ್ವಾ? ಮೇಲಿಂದ ಬಿಸಿಲು, ಕೆಳಗಿಂದ ಇಂಟರ್‌ಲಾಕ್ ಟೈಲ್ಸ್‌ನ ಕಾವು, ಎರಡೂ ಮೈಗೆ ತಾಗುತ್ತವೆ. ಕಪ್ಪು ಚೆಂಡು ತೋರಿಸಿದ್ದು ಈ ಕಾವನ್ನೂ ಸೇರಿಸಿಯೇ. ಗಾಳಿ, ತೇವ, ಬಟ್ಟೆ ಆಮೇಲಿನ ಮಾತು. ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದೆ, ಗಾಳಿ ತಂಪು ನಿಜ. ಬಿಸಿಲು ಮಾತ್ರ ಎತ್ತರಕ್ಕೆ ಹೋದಷ್ಟೂ ಚುರುಕು.

"ಹಾಗಾದ್ರೆ ತಗಡಿನ ಶೀಟ್ ಹಾಕ್ಸೋಣ್ವಾ?" ಅಂದರು. ಬೇಡ ಅಂದೆ. ತಗಡು ತಾನೇ ಕಾದು ತಲೆ ಮೇಲೆ ಕಾವು ಸುರಿಯುತ್ತೆ. ಎಲೆ ಹಾಗಲ್ಲ, ಒಳಗಿನ ನೀರನ್ನು ಆವಿ ಮಾಡಿ ಗಾಳಿಯಷ್ಟೇ ತಂಪಾಗಿರುತ್ತೆ. ಅದರಲ್ಲೂ ಸಿಲ್ವರ್ ಓಕ್‌ನದು ತೆಳು ನೆರಳು. ಹಲಸು, ಅತ್ತಿಯದು ಗಟ್ಟಿ. ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವ ಕಾಫಿ ತೋಟದ ರೈಟರ್‌ಗೆ (ಮೇಲ್ವಿಚಾರಕನಿಗೆ) ಇದು ಚೆನ್ನಾಗಿ ಗೊತ್ತು. ರೆಸಾರ್ಟ್‌ನವರು ಮಾತ್ರ ವ್ಯೂ ಕಾಣಲ್ಲ ಅಂತ ಮರ ಕಡಿಸಿ, ಆಮೇಲೆ ಬೆಂಗಳೂರಿಂದ ಛತ್ರಿ ತರಿಸುತ್ತಾರೆ.

ಚಳಿಗಾಲದ ರಾತ್ರಿಯ ತಪ್ಪು ಇನ್ನೊಂದು. ಕ್ಯಾಂಪ್‌ಫೈರ್‌ಗೆ ಇವರು ಆರಿಸಿದ್ದು ಇಳಿಜಾರಿನ ಬುಡದ ಬಯಲು ಹುಲ್ಲುಹಾಸು. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತೆ. ಮೋಡವಿಲ್ಲದ ಆಕಾಶಕ್ಕೆ ನೆಲದ ಕಾವೂ ಹೋಗಿಬಿಡುತ್ತೆ. ಮುಖ ಸುಡುತ್ತೆ, ಬೆನ್ನು ನಡುಗುತ್ತೆ. ಬೆಂಕಿಯನ್ನು ಸ್ವಲ್ಪ ಮೇಲಕ್ಕೆ ತಂದು, ಕುರ್ಚಿಗಳನ್ನು ಮರದಂಚಿಗೆ ಸರಿಸಿದರೆ ಸಾಕು. ಮಧ್ಯಾಹ್ನ ಬಿಸಿಲು ತಡೆದ ಕೊಂಬೆಗಳೇ ರಾತ್ರಿ ಕಾವು ಹಿಡಿದಿಡುತ್ತವೆ.

ಕೊನೆಗೆ ಆರು ಕುರ್ಚಿ ಹಲಸಿನ ಮರದಡಿ ಹೋದವು. ಮಾಲೀಕರು ಕಾಂಡ ನೋಡಿದರು. "ಸರ್, ಕಾಯಿ ಯಾರ ತಲೆ ಮೇಲಾದ್ರೂ ಬಿದ್ರೆ?"

"ಎಳೇದಿರುವಾಗಲೇ ಕುಯ್ದು ಪಲ್ಯ ಮಾಡ್ಸಿ, ಗೆಸ್ಟ್‌ಗಳಿಗೇ ಬಡಿಸಿ" ಅಂದೆ.