ನಾಯಿಯ ಮೈಮೇಲಿನ ಗಂಟು: ಕತ್ತರಿಗೆ ಮೊದಲು ಸೂಜಿ

ಸಾಕುನಾಯಿಯ ಮೈ ಸವರುವಾಗ ಬೆರಳಿಗೆ ತಗಲುವ ಗಂಟುಗಳಲ್ಲಿ ಹಲವು ಕೇವಲ ಕೊಬ್ಬಿನ ಗಡ್ಡೆಗಳಾಗಿರುತ್ತವೆ. ಆದರೆ ನಾಯಿಗಳ ಚರ್ಮದ ಮಾರಕ ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದ, ಮಾಸ್ಟ್ ಕೋಶ ಎಂಬ ರೋಗನಿರೋಧಕ ಕೋಶದ ಕ್ಯಾನ್ಸರ್ ಯಾವ ವೇಷವನ್ನಾದರೂ ತೊಡಬಲ್ಲದು. ಒಂದು ನಾಯಿಯಲ್ಲಿ ಅದು ಕೂದಲುದುರಿದ ಕೆಂಪು ಗುಳ್ಳೆಯಾಗಿದ್ದರೆ, ಇನ್ನೊಂದರಲ್ಲಿ ಕೀಟ ಕಚ್ಚಿದ ಊತದಂತೆ, ಮತ್ತೊಂದರಲ್ಲಿ ಚರ್ಮದಡಿ ಜಾರಾಡುವ ಮೆತ್ತನೆಯ ಗಂಟಾಗಿ ಕಾಣುತ್ತದೆ. ಹೀಗಾಗಿ ಅನುಭವಿ ಪಶುವೈದ್ಯರೇ ಮುಟ್ಟಿ ನೋಡಿ ‘ಬರೀ ಕೊಬ್ಬು’ ಎಂದರೂ ಅದನ್ನು ಊಹೆಯೆಂದೇ ಎಣಿಸಬೇಕು. ಬಾಕ್ಸರ್, ಪಗ್, ಬೋಸ್ಟನ್ ಟೆರಿಯರ್ ತಳಿಗಳಲ್ಲಂತೂ ಈ ಎಚ್ಚರ ಇನ್ನೂ ಅಗತ್ಯ.

ಊಹೆಯನ್ನು ತೀರ್ಮಾನಿಸಲು ಬೇಕಾದುದು ಒಂದು ಸಣ್ಣ ಸೂಜಿ. ಗಂಟಿಗೆ ಚುಚ್ಚಿ ತೆಗೆದ ಕೋಶಗಳನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನೇರಳೆ ಕಣಗಳು ಕಿಕ್ಕಿರಿದ ಮಾಸ್ಟ್ ಕೋಶಗಳು ಬಹುಪಾಲು ಸಂದರ್ಭಗಳಲ್ಲಿ ತಾವಾಗಿಯೇ ಗುರುತು ಹೇಳುತ್ತವೆ. ಅಲರ್ಜಿಯಲ್ಲಿ ಪಾತ್ರ ವಹಿಸುವ ಈ ಕೋಶಗಳ ಕಣಗಳಲ್ಲಿ ಹಿಸ್ಟಮಿನ್ ಮತ್ತು ಹೆಪಾರಿನ್ ಅಡಗಿರುತ್ತವೆ. ಗಡ್ಡೆಯನ್ನು ಒತ್ತಿದಾಗ ಇವು ಹೊರಚೆಲ್ಲಿ ಸುತ್ತಲಿನ ಚರ್ಮ ಕೆಂಪೇರುತ್ತದೆ, ಊದುತ್ತದೆ. ಗಂಟು ಒಂದು ದಿನ ದೊಡ್ಡದಾಗಿ ಮರುದಿನ ಕುಗ್ಗಿದಂತೆ ತೋರುವುದೂ ಇದರಿಂದಲೇ. ಕುಗ್ಗಿತೆಂದು ನಿಶ್ಚಿಂತರಾಗುವುದು ಎಷ್ಟು ತಪ್ಪೋ, ಗಂಟನ್ನು ದಿನವೂ ಅಮುಕಿ ನೋಡುವ ಮನೆಯವರ ಚಾಳಿಯೂ ಅಷ್ಟೇ ತಪ್ಪು. ಅತಿಯಾದ ಹಿಸ್ಟಮಿನ್ ಹೊಟ್ಟೆಯಲ್ಲಿ ಆಮ್ಲವನ್ನು ಹೆಚ್ಚಿಸಿ ಹುಣ್ಣು ಮಾಡಬಲ್ಲದು, ಹೆಪಾರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಲ್ಲದು. ಆದ್ದರಿಂದಲೇ ಶಸ್ತ್ರಚಿಕಿತ್ಸೆಗೆ ಮುನ್ನ ಹಿಸ್ಟಮಿನ್-ನಿರೋಧಕ ಔಷಧವನ್ನು, ಹಲವೊಮ್ಮೆ ಆಮ್ಲ ತಗ್ಗಿಸುವ ಔಷಧವನ್ನೂ ಕೊಡುತ್ತಾರೆ.

ಸೂಜಿ ಮೊದಲು ಏಕೆಂದರೆ, ಎಷ್ಟು ಅಗಲಕ್ಕೆ ಕತ್ತರಿಸಬೇಕೆಂಬುದು ಅದರ ಉತ್ತರವನ್ನೇ ಅವಲಂಬಿಸಿದೆ. ಕೊಬ್ಬಿನ ಗಡ್ಡೆಯನ್ನು ಅದರ ಅಂಚಿಗೇ ಬಿಡಿಸಿ ತೆಗೆಯಬಹುದು. ಮಾಸ್ಟ್ ಕೋಶದ ಗಡ್ಡೆಯಾದರೋ ಕೈಗೆ ಸಿಗುವ ಎಲ್ಲೆಯನ್ನು ದಾಟಿ ಗರಿಕೆಯ ಬೇರಿನಂತೆ ಹಬ್ಬಿರುತ್ತದೆ. ಸುತ್ತಲೂ 2ರಿಂದ 3 ಸೆಂಟಿಮೀಟರ್ ಆರೋಗ್ಯವಂತ ಚರ್ಮವನ್ನೂ ತಳದಲ್ಲಿ ಸ್ನಾಯುವಿನ ಹೊದಿಕೆಯ ಒಂದು ಪದರವನ್ನೂ ಸೇರಿಸಿ ತೆಗೆಯುವುದು ಬಹುಕಾಲದ ರೂಢಿ. ಸಡಿಲ ಚರ್ಮವಿರುವ ಪಕ್ಕೆಯಲ್ಲಿ ಇದು ಸುಲಭ, ಪಾದದ ಬಳಿ ಬಲು ಕಷ್ಟ. ಗುರುತಿಲ್ಲದೆ ಚಿಕ್ಕದಾಗಿ ಕತ್ತರಿಸಿ, ಆಮೇಲೆ ಕ್ಯಾನ್ಸರೆಂದು ತಿಳಿದು ಗಾಯದ ಕಲೆಯನ್ನೇ ಮತ್ತೆ ದೊಡ್ಡದಾಗಿ ತೆಗೆಯಬೇಕಾಗುವುದು ನಾಯಿಗೆ ತಪ್ಪಿಸಬಹುದಾಗಿದ್ದ ಹಿಂಸೆ. ಕ್ಯಾನ್ಸರ್ ಹರಡಿದೆಯೇ ಎಂದು ತಿಳಿಯಲು ಸಮೀಪದ ದುಗ್ಧರಸ ಗ್ರಂಥಿಗೂ (ಲಿಂಫ್ ನೋಡ್) ಸೂಜಿ ಹಾಕಿ ನೋಡುವುದು, ಅಗತ್ಯವಿದ್ದರೆ ಯಕೃತ್ತು ಮತ್ತು ಗುಲ್ಮದ ಸ್ಕ್ಯಾನ್ ಮಾಡಿಸುವುದು ಈ ಹಂತದಲ್ಲೇ.

ತೆಗೆದ ಗಡ್ಡೆಯನ್ನು ಇಡಿಯಾಗಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅಲ್ಲಿ ಅಂಚುಗಳಲ್ಲಿ ಕ್ಯಾನ್ಸರ್ ಕೋಶ ಉಳಿದಿದೆಯೇ ಎಂಬುದರ ಜೊತೆಗೆ ಗಡ್ಡೆಯ ದರ್ಜೆಯನ್ನೂ, ಅಂದರೆ ಅದು ಎಷ್ಟು ಉಗ್ರವೆಂಬುದನ್ನೂ, ನಿರ್ಧರಿಸುತ್ತಾರೆ. 1984ರ ಮೂರು ದರ್ಜೆಗಳ ಪದ್ಧತಿಯಲ್ಲಿ ಹೆಚ್ಚಿನ ಗಡ್ಡೆಗಳು ನಡುವಿನ ದರ್ಜೆಯಲ್ಲೇ ಬೀಳುತ್ತಿದ್ದುದರಿಂದ ಏನೂ ಸ್ಪಷ್ಟವಾಗುತ್ತಿರಲಿಲ್ಲ. 2011ರಲ್ಲಿ ಬಂದ ಕೆಳದರ್ಜೆ, ಮೇಲ್ದರ್ಜೆ ಎಂಬ ಎರಡರ ವಿಂಗಡಣೆ ವಿಭಜನೆಗೊಳ್ಳುತ್ತಿರುವ ಕೋಶಗಳ ಎಣಿಕೆಯಂಥ ಖಚಿತ ಲಕ್ಷಣಗಳನ್ನು ಆಧರಿಸುತ್ತದೆ. ಕೆಳದರ್ಜೆಯದು ಪೂರ್ತಿ ಹೊರಬಂದಿದ್ದರೆ ಹೆಚ್ಚಿನ ನಾಯಿಗಳಿಗೆ ಶಸ್ತ್ರಚಿಕಿತ್ಸೆಯೇ ಸಾಕು. ಮೇಲ್ದರ್ಜೆಯದಕ್ಕೆ ವಿನ್‌ಬ್ಲಾಸ್ಟಿನ್, ಪ್ರೆಡ್ನಿಸೋಲೋನ್ ಅಥವಾ ಟೊಸೆರಾನಿಬ್ ಎಂಬ ಔಷಧಗಳು ಬೇಕಾಗಬಹುದು. ಮಾಸ್ಟ್ ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಕಿಟ್ ಪ್ರೋಟೀನನ್ನು ತಡೆಯುವ ಟೊಸೆರಾನಿಬ್‌ಗೆ ಅಮೆರಿಕದಲ್ಲಿ 2009ರಲ್ಲಿ ಮಂಜೂರಾತಿ ಸಿಕ್ಕಿತು.

ಚೇತರಿಕೆಯ ಮೊದಲ 10ರಿಂದ 14 ದಿನ ಹೊಲಿಗೆಗಳದ್ದೇ ಚಿಂತೆ: ಕುತ್ತಿಗೆಗೆ ಕಟ್ಟಿದ ಪ್ಲಾಸ್ಟಿಕ್ ಕೋನ್ ಬಿಚ್ಚಬಾರದು, ಓಟ-ಜಿಗಿತ ಸಲ್ಲದು. ಗಡ್ಡೆಯ ಸ್ರಾವಗಳು ಗಾಯ ಮಾಯುವುದನ್ನೂ ನಿಧಾನಿಸಬಲ್ಲವು. ಆಮೇಲೆ ನಿಯಮಿತ ತಪಾಸಣೆ ನಡೆಯಬೇಕು. ಒಮ್ಮೆ ಈ ಗಡ್ಡೆ ಬಂದ ನಾಯಿಯಲ್ಲಿ ಬೇರೆಡೆ ಹೊಸದಾಗಿ ಇನ್ನೊಂದು ಹುಟ್ಟುವುದುಂಟು. ಅದು ಹಳೆಯದು ಹರಡಿದ್ದೆಂದೇ ಆಗಬೇಕಿಲ್ಲ, ಹಾಗಾಗಿ ಪ್ರತಿ ಹೊಸ ಗಂಟಿಗೂ ಮತ್ತೆ ಸೂಜಿಯಿಂದಲೇ ಆರಂಭಿಸಬೇಕಾಗುತ್ತದೆ.