ನ್ಯೂಯಾರ್ಕ್ ನಗರದ ಸಂಗಾತಿ ನೋಂದಣಿ: ಸೇರುವ ದಾರಿ, ಬಿಡುವ ದಾರಿ

ಕೌಟುಂಬಿಕ ಕಾನೂನು ಓದುವವರು ನ್ಯೂಯಾರ್ಕ್‌ನ ಡೊಮೆಸ್ಟಿಕ್ ಪಾರ್ಟ್‌ನರ್‌ಶಿಪ್ ಅನ್ನು ಅರೆಮದುವೆ ಎಂದು ಭಾವಿಸಿ ಗೊಂದಲಕ್ಕೆ ಬೀಳುತ್ತಾರೆ. ಅದು ಮದುವೆಯಾಗದೆ ಜೊತೆಗೆ ಬಾಳುವ ಇಬ್ಬರಿಗೆ ನಗರಾಡಳಿತ ಕೊಡುವ ಒಂದು ಪ್ರಮಾಣಪತ್ರ. ನಗರದ ಅಧಿಕಾರ ಎಲ್ಲಿಯವರೆಗೆ ನಡೆಯುತ್ತದೆಯೋ ಬಹುಮಟ್ಟಿಗೆ ಅಲ್ಲಿಯವರೆಗೆ ಅದಕ್ಕೆ ಬೆಲೆ. ಇಷ್ಟು ಹಿಡಿದುಕೊಂಡರೆ ಮಿಕ್ಕ ನಿಯಮಗಳ ಅರ್ಧದಷ್ಟು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಹಿನ್ನೆಲೆಗೆ 1989ರ ಬ್ರಾಸ್ಕಿ ಪ್ರಕರಣವನ್ನು ಓದಲೇಬೇಕು. ಬಾಡಿಗೆ ನಿಯಂತ್ರಣಕ್ಕೆ ಒಳಪಟ್ಟ ಮನೆ. ಕರಾರು ಒಬ್ಬನ ಹೆಸರಿನಲ್ಲಿ. ಅವನು 1986ರಲ್ಲಿ ತೀರಿಕೊಂಡಾಗ ಹತ್ತು ವರ್ಷ ಜೊತೆಗೆ ಬಾಳಿದ್ದ ಸಲಿಂಗಿ ಸಂಗಾತಿ ಬ್ರಾಸ್ಕಿಗೆ ಮಾಲೀಕ ಮನೆ ಬಿಡು ಎಂದ. ರಾಜ್ಯದ ಅತ್ಯುನ್ನತ ಪೀಠವಾದ ಕೋರ್ಟ್ ಆಫ್ ಅಪೀಲ್ಸ್, ಮೃತ ಬಾಡಿಗೆದಾರನ ಜೊತೆಗಿದ್ದ ಕುಟುಂಬದವರನ್ನು ಮನೆ ಬಿಡಿಸಬಾರದೆಂಬ ನಿಯಮದ ಮಟ್ಟಿಗೆ ಇವರೂ ಒಂದು ಕುಟುಂಬವೇ ಎಂದಿತು. ಎಷ್ಟು ಕಾಲ ಜೊತೆಗಿದ್ದರು, ಹಣಕಾಸು ಹೇಗೆ ಬೆಸೆದುಕೊಂಡಿತ್ತು, ನೆಂಟರಿಷ್ಟರ ಮುಂದೆ ಹೇಗೆ ನಡೆದುಕೊಂಡರು ಎಂಬುದೆಲ್ಲ ಅಳತೆಗೋಲಾಯಿತು. ಆದರೆ ಸಾವಿನ ಬೆನ್ನಿಗೇ ಇದನ್ನೆಲ್ಲ ಸಾಬೀತು ಮಾಡುತ್ತ ಕೂರುವುದು ಯಾರಿಗೆ ಬೇಕು? ನನ್ನ ಓದಿನ ಪ್ರಕಾರ ನೋಂದಣಿಯ ನಿಜವಾದ ಉಪಯೋಗ ಇಲ್ಲಿದೆ: ಪುರಾವೆಯನ್ನು ಮೊದಲೇ ಬರೆದಿಡುವುದು. 1993ರಲ್ಲಿ ಮೇಯರ್ ಡೇವಿಡ್ ಡಿಂಕಿನ್ಸ್ ಆದೇಶದಿಂದ ಆರಂಭವಾದ ವ್ಯವಸ್ಥೆಗೆ 1998ರಲ್ಲಿ, ಮೇಯರ್ ರೂಡಿ ಜೂಲಿಯಾನಿ ಕಾಲದಲ್ಲಿ, ಸ್ಥಳೀಯ ಶಾಸನದ ಬಲ ಬಂತು.

ನೋಂದಾಯಿಸುವುದು ಸುಲಭ. ಇಬ್ಬರಿಗೂ 18 ತುಂಬಿರಬೇಕು, ಇಬ್ಬರೂ ಅವಿವಾಹಿತರಾಗಿರಬೇಕು, ಮದುವೆಗೆ ಅಡ್ಡಿಯಾಗುವಷ್ಟು ಹತ್ತಿರದ ರಕ್ತಸಂಬಂಧ ಇರಬಾರದು, ಒಂದೇ ಮನೆಯಲ್ಲಿ ವಾಸವಿರಬೇಕು. ಇಬ್ಬರೂ ನಗರದ ನಿವಾಸಿಗಳಾಗಿರಬೇಕು, ಇಲ್ಲವೇ ಒಬ್ಬರಾದರೂ ನಗರಾಡಳಿತದ ನೌಕರರಾಗಿರಬೇಕು. ಗಂಡು–ಹೆಣ್ಣಿನ ಜೋಡಿಯೋ ಸಲಿಂಗಿ ಜೋಡಿಯೋ ಎಂಬ ಭೇದವಿಲ್ಲ. ಸಿಟಿ ಕ್ಲರ್ಕ್ ಕಚೇರಿಯಲ್ಲಿ ಪ್ರಮಾಣ ಮಾಡಿ ಸಹಿ ಹಾಕಿ 35 ಡಾಲರ್ ಕಟ್ಟಿದರೆ ಪತ್ರ ಕೈಗೆ ಬರುತ್ತದೆ. ಪುರೋಹಿತರೂ ಬೇಡ, ಮುಹೂರ್ತವೂ ಬೇಡ.

ಪರೀಕ್ಷೆಯ ದೃಷ್ಟಿಯಿಂದ ಬಿಡುವ ಭಾಗವೇ ಸ್ವಾರಸ್ಯ. ವಿಚ್ಛೇದನಕ್ಕೆ ನ್ಯಾಯಾಲಯ ಬೇಕು. ಇದಕ್ಕೆ ಒಬ್ಬರ ಸಹಿ ಸಾಕು. ಅದೇ ಕಚೇರಿಯಲ್ಲಿ ಮುಕ್ತಾಯದ ಹೇಳಿಕೆ ಸಲ್ಲಿಸಿ 27 ಡಾಲರ್ ಕಟ್ಟಬೇಕು. ಇಬ್ಬರೂ ಸಹಿ ಮಾಡದಿದ್ದರೆ ಮತ್ತೊಬ್ಬರಿಗೆ ಸ್ವೀಕೃತಿ ಬರುವಂಥ ಅಂಚೆಯಲ್ಲಿ ವಿಷಯ ಮುಟ್ಟಿಸಬೇಕು. ಒಪ್ಪಿಗೆ ಬೇಕಿಲ್ಲ, ತಿಳಿವಳಿಕೆ ಬೇಕು: ಈ ವ್ಯತ್ಯಾಸಕ್ಕೆ ಅಡಿಗೆರೆ ಹಾಕಿಕೊಳ್ಳಿ. ಆಸ್ತಿ ಹಂಚಿಕೆಯಾಗಲಿ ಜೀವನಾಂಶವಾಗಲಿ ರಾಜ್ಯದ ವಿವಾಹ ಕಾನೂನಿಗೆ ಸೇರಿದ್ದರಿಂದ ಇದರ ಬೆನ್ನಿಗೆ ಬರುವುದಿಲ್ಲ. ಮನೆ, ಬ್ಯಾಂಕ್ ಖಾತೆಗಳ ವಿಚಾರವನ್ನು ಪ್ರತ್ಯೇಕ ಒಪ್ಪಂದದಲ್ಲಿ ಬರೆದುಕೊಂಡಿರದಿದ್ದರೆ ಬಡಪಾಯಿ ಸಂಗಾತಿಗೆ ಈ ಪ್ರಮಾಣಪತ್ರ ಆಸರೆಯಾಗದು.

ನಗರದ ಗಡಿ ದಾಟಿದರೆ ಬಲ ಕುಗ್ಗುತ್ತದೆ. ನಗರದ ಆಸ್ಪತ್ರೆ, ಜೈಲುಗಳಲ್ಲಿ ಭೇಟಿಯ ಹಕ್ಕು, ನಗರ ನೌಕರರ ಸಂಗಾತಿಗೆ ಆರೋಗ್ಯ ವಿಮೆ ಸಿಗುತ್ತವೆ. ಆದರೆ ಅಮೆರಿಕದ ಕೇಂದ್ರ ತೆರಿಗೆ ಇಲಾಖೆ ಇವರನ್ನು ದಂಪತಿ ಎನ್ನುವುದಿಲ್ಲ. ಸಂಗಾತಿಯ ವಿಮೆಗೆ ಉದ್ಯೋಗದಾತ ಕಟ್ಟುವ ಹಣ, ಸಂಗಾತಿ ತೆರಿಗೆ ಲೆಕ್ಕದಲ್ಲಿ ಅವಲಂಬಿತರಲ್ಲದಿದ್ದರೆ, ನೌಕರರ ಆದಾಯಕ್ಕೆ ಸೇರುತ್ತದೆ. ಬೆಂಗಳೂರಿನಿಂದ ಎಚ್–1ಬಿ ಉದ್ಯೋಗ ವೀಸಾದಲ್ಲಿ ಹೋದವರು ಇನ್ನೊಂದನ್ನೂ ಗಮನಿಸಬೇಕು: ಎಚ್–4 ವೀಸಾ ಕೊಡುವುದು ಮದುವೆಯಾದ ಸಂಗಾತಿಗೆ, ಈ ಪತ್ರ ತೋರಿಸಿದರೆ ನಡೆಯದು.

ಕೊನೆಗೆ, ಎಡವಿಸುವ ಒಂದು ಪ್ರಶ್ನೆ. ಮಾರ್ಚ್ 1ರಂದು ಹಳೆಯ ನೋಂದಣಿಗೆ ಮುಕ್ತಾಯ ಹಾಡಿದವರು ಇನ್ನೊಬ್ಬರ ಜೊತೆ ಮತ್ತೆ ನೋಂದಾಯಿಸಲು ಆರು ತಿಂಗಳು, ಎಂದರೆ ಸೆಪ್ಟೆಂಬರ್‌ವರೆಗೆ ಕಾಯಬೇಕು. ಆ ಹೊಸ ಸಂಗಾತಿಯನ್ನು ಮದುವೆಯಾಗುವುದಾದರೆ ಈ ಆರು ತಿಂಗಳ ಮಾತೇ ಇಲ್ಲ. ರಾಜ್ಯದ ಕಾನೂನಿನಂತೆ ಪರವಾನಗಿ ಪಡೆದು 24 ಗಂಟೆ ಕಾದರಾಯಿತು.