ಸ್ಪೀಡ್ ಇದೆ, ಆದರೂ ದನಿ ಯಾಕೆ ಕಡಿಯುತ್ತದೆ?

ಆನ್‌ಲೈನ್‌ನಲ್ಲಿ ಸಂಗೀತ ಹೇಳಿಕೊಡುವ ಮೇಡಂ ಒಬ್ಬರು ನನ್ನನ್ನು ಮನೆಗೆ ಕರೆಸಿದ್ದರು. 'ಪ್ಲಾನ್ ದೊಡ್ಡದೇ ಹಾಕಿಸಿದ್ದೀನಿ. ಆದರೂ ಸಂಜೆ ಜಂಟಿ ವರಸೆ ಹೇಳಿಕೊಡುವಾಗ ಮಕ್ಕಳಿಗೆ ನನ್ನ ದನಿ ಕಡಿದು ಕಡಿದು ಕೇಳಿಸುತ್ತಂತೆ' ಎಂದರು. ಸ್ಪೀಡ್ ಟೆಸ್ಟ್ ಮಾಡಿದೆ. ಪೂರ್ತಿ ಸ್ಪೀಡ್ ಬರುತ್ತಿತ್ತು.

ಅವರ ಲ್ಯಾಪ್‌ಟಾಪ್‌ನಲ್ಲಿ ಎರಡು ಪಿಂಗ್ ಹಾಕಿಟ್ಟೆ, ಅಂದರೆ ಸಣ್ಣ ಸಂದೇಶ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಳತೆ. ಒಂದು ಮನೆಯ ರೂಟರ್‌ಗೆ, ಇನ್ನೊಂದು ಹೊರಗಿನ ಸರ್ವರ್‌ಗೆ. ಅರ್ಧ ಗಂಟೆ ಸುಮ್ನೆ ಕೂತೆ. ಮಗ ಕಾಲೇಜಿನಿಂದ ಬಂದು ಹಿಂದಿನ ಕೋಣೆ ಸೇರಿದ. ಅವನ ಫೋನ್ ವೈಫೈ ಹಿಡಿದ ಕೂಡಲೇ ಫೋಟೊ, ವಿಡಿಯೊಗಳ ಬ್ಯಾಕಪ್ ಶುರುವಾಯಿತು. ಎರಡೂ ಪಿಂಗ್ ಸರ್ರನೆ ಏರಿದವು.

ಸ್ಪೀಡ್ ಟೆಸ್ಟ್ ತೋರಿಸುವುದು ಕೆಲವು ಸೆಕೆಂಡುಗಳ ಸರಾಸರಿ. ವರ್ಷದ ಸರಾಸರಿ ಮಳೆ ನೋಡಿ ಮೋರಿ ಕಟ್ಟಿದರೆ ಒಂದೇ ಗಂಟೆಯ ಜಡಿಮಳೆಗೆ ರಸ್ತೆ ಹೊಳೆಯಾಗುತ್ತದೆ, ಅಲ್ವಾ? ನೆಟ್‌ವರ್ಕ್‌ನಲ್ಲೂ ಹಾಗೆಯೇ. ಮಾತು ಹದವಾಗಿ ಹೋಗುತ್ತದೆ, ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಸಣ್ಣ ಪ್ಯಾಕೆಟ್ (ಡೇಟಾದ ತುಣುಕು). ವಿಡಿಯೊ ಹಾಗಲ್ಲ. ಹೆಚ್ಚಿನ ಫ್ರೇಮ್‌ಗಳಲ್ಲಿ ಬದಲಾದ ಭಾಗ ಮಾತ್ರ ಇರುತ್ತದೆ. ನಡುನಡುವೆ ಇಡೀ ಚಿತ್ರ ಹೊತ್ತ ಕೀ ಫ್ರೇಮ್ ಬರುತ್ತದೆ. ಅದು 60 ಕೆಬಿ ಇದ್ದರೆ ಒಮ್ಮೆಗೇ 40 ಪ್ಯಾಕೆಟ್ ನುಗ್ಗಿದಂತೆ. ಬ್ಯಾಕಪ್ ಅಂತೂ ಜಾಗ ಸಿಕ್ಕಷ್ಟೂ ತುಂಬಿಕೊಳ್ಳುತ್ತದೆ.

ಮೊದಲು ಗಾಳಿಯ, ಅಂದರೆ ವೈಫೈ ಅಲೆಗಳ ವಿಷಯ. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಂದೇ ಉಪಕರಣ ಕಳಿಸಬೇಕು. 1500 ಬೈಟ್‌ನ ಪ್ಯಾಕೆಟ್ 300 ಎಂಬಿಪಿಎಸ್‌ನಲ್ಲಿ 40 ಮೈಕ್ರೊಸೆಕೆಂಡಿನಲ್ಲಿ ಮುಗಿಯುತ್ತದೆ. ಗೋಡೆಗಳಾಚೆ ಸಿಗ್ನಲ್ ಕುಗ್ಗಿ 6 ಎಂಬಿಪಿಎಸ್‌ಗೆ ಇಳಿದ ಫೋನಿಗೆ ಅದೇ ಪ್ಯಾಕೆಟ್‌ಗೆ 2 ಮಿಲಿಸೆಕೆಂಡ್ ಬೇಕು, ಅಂದರೆ 50 ಪಟ್ಟು. ಅಷ್ಟು ಹೊತ್ತು ಉಳಿದವರೆಲ್ಲ ಕಾಯಬೇಕು. ಮೇಡಂ ಮನೆಯಲ್ಲಿ ಆಗುತ್ತಿದ್ದುದು ಇದೇ. ರೂಟರನ್ನು ಟಿವಿ ಹಿಂದಿನಿಂದ ತೆಗೆದು ಮನೆ ನಡುವಿನ ಎತ್ತರದ ಶೆಲ್ಫಿಗೆ ಇಟ್ಟೆವು. ಲ್ಯಾಪ್‌ಟಾಪನ್ನು ವೈಫೈಯ 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಹಾಕಿದೆ, ಯಾಕೆಂದರೆ ಅವರ ಬ್ಲೂಟೂತ್ ಹೆಡ್‌ಸೆಟ್ ಕೂಡ 2.4 ಗಿಗಾಹರ್ಟ್ಸ್‌ನಲ್ಲೇ ಜಾಗಕ್ಕೆ ಹೆಣಗುತ್ತಿತ್ತು.

ವೈಫೈಯಲ್ಲಿ ಮಾತಿಗೆ ಮೊದಲ ಸರದಿ ಕೊಡುವ ಏರ್ಪಾಡು (ರೂಟರ್ ಸೆಟ್ಟಿಂಗ್‌ನಲ್ಲಿ ಇದರ ಹೆಸರು ಡಬ್ಲ್ಯೂಎಂಎಂ) 2005ರಿಂದಲೂ ಇದೆ. ಮಾತು, ವಿಡಿಯೊ, ಮಾಮೂಲಿ, ಹಿನ್ನೆಲೆ ಎಂದು ನಾಲ್ಕು ಸಾಲು. ಮಾಮೂಲಿ ಪ್ಯಾಕೆಟ್ 0ಯಿಂದ 15ರ ನಡುವೆ ಒಂದು ಸಂಖ್ಯೆ ಎತ್ತಿ ಅಷ್ಟು ಸ್ಲಾಟ್ (ಕಾಲದ ಪುಟ್ಟ ತುಣುಕು) ಕಾಯುತ್ತದೆ. ಮಾತಿನದು 0ಯಿಂದ 3ರೊಳಗೆ. ಆದರೆ ಪ್ಯಾಕೆಟ್ ಮೇಲೆ 'ಇದು ಮಾತು' ಎಂಬ ಗುರುತು ಇದ್ದರೆ ಮಾತ್ರ ಇದು ನಡೆಯುತ್ತದೆ. ಎಷ್ಟೋ ಆ್ಯಪ್‌ಗಳು ಗುರುತು ಹಾಕುವುದಿಲ್ಲ. ಹಾಕಿದ್ದರೂ ದಾರಿಯಲ್ಲಿ ಅಳಿಸಿಹೋಗುವುದುಂಟು. ಹಾಗಾಗಿ ಡಬ್ಲ್ಯೂಎಂಎಂ ಆನ್ ಇದೆ ಎಂದು ನಿಶ್ಚಿಂತೆಯಿಂದ ಇರಬೇಡಿ.

ರೂಟರ್ ಜಾಗ ಬದಲಿಸಿದ ಮೇಲೆ ಒಳಗಿನ ಪಿಂಗ್ ಇಳಿಯಿತು. ಹೊರಗಿನದು ಇಳಿಯಲಿಲ್ಲ. ಅಂದರೆ ಹೊರಹೋಗುವ ಬಾಗಿಲಲ್ಲಿ ಸಾಲು ನಿಂತಿದೆ. 10 ಎಂಬಿಪಿಎಸ್ ಅಪ್‌ಲೋಡ್ ಲೈನಿನ ಮುಂದೆ 1 ಎಂಬಿ ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ತುಂಬಿದರೆ ಕೊನೆಯ ಪ್ಯಾಕೆಟ್ 0.8 ಸೆಕೆಂಡ್ ಕಾಯಬೇಕು. ಮಾತುಕತೆಗೆ ಒಂದು ಕಡೆಯ ತಡ 150 ಮಿಲಿಸೆಕೆಂಡ್ ದಾಟಬಾರದು ಎನ್ನುತ್ತದೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಶಿಫಾರಸು. ತಡವಾಗಿ ಬಂದ ಸ್ವರ ಬಂದೂ ಪ್ರಯೋಜನವಿಲ್ಲ, ಆ್ಯಪ್ ಅದನ್ನು ಬಿಸಾಡುತ್ತದೆ.

ಇದಕ್ಕೆ ನಾನು ನಂಬುವ ಮದ್ದು ಎಫ್‌ಕ್ಯೂ-ಕೋಡೆಲ್, ರೂಟರ್‌ನಲ್ಲಿ ಪ್ಯಾಕೆಟ್‌ಗಳ ಸಾಲು ನಿಭಾಯಿಸುವ ಒಂದು ವಿಧಾನ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೊಟ್ಟ ಕೋಡೆಲ್ ಇದರ ಬುನಾದಿ. ಸಾಲಿನಲ್ಲಿ ಕಾಯುವ ಹೊತ್ತು 100 ಮಿಲಿಸೆಕೆಂಡ್ ಉದ್ದಕ್ಕೂ 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದಿದ್ದರೆ ಅದು ಪ್ಯಾಕೆಟ್ ಬೀಳಿಸಲು ಶುರು ಮಾಡುತ್ತದೆ. ಕಳಿಸುವವನು ಅದನ್ನು ಅರ್ಥ ಮಾಡಿಕೊಂಡು ನಿಧಾನಿಸುತ್ತಾನೆ. ಎಫ್‌ಕ್ಯೂ ಒಂದೊಂದು ಹರಿವಿಗೂ ಬೇರೆ ಸಾಲು ಮಾಡುತ್ತದೆ. ಆಗ ಮಾತಿನ ತೆಳು ಹರಿವು ಬ್ಯಾಕಪ್ ಹಿಂದೆ ಸಿಕ್ಕಿಕೊಳ್ಳುವುದಿಲ್ಲ, ಗುರುತೂ ಬೇಕಿಲ್ಲ.

ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ಅವರ ರೂಟರ್‌ನಲ್ಲಿ ಎಫ್‌ಕ್ಯೂ-ಕೋಡೆಲ್ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು 10 ಎಂಬಿಪಿಎಸ್ ಬದಲು 9ಕ್ಕೆ ಇಟ್ಟೆ. ಸಾಲು ನಿಲ್ಲುವುದಿದ್ದರೆ ನಮ್ಮ ರೂಟರ್‌ನಲ್ಲೇ ನಿಲ್ಲಲಿ, ಕಂಪನಿಯ ಮೋಡೆಮ್‌ನಲ್ಲಿ ಅಲ್ಲ ಎಂದು. ಮೇಡಂಗೆ ಮನಸ್ಸಿಲ್ಲ. 'ದುಡ್ಡು ಕೊಟ್ಟ ಸ್ಪೀಡನ್ನು ನಾವೇ ಯಾಕೆ ಇಳಿಸಬೇಕು?' ಎಂದರು. ನಾನು ಮಗನಿಗೆ ಮತ್ತೆ ಬ್ಯಾಕಪ್ ಶುರು ಮಾಡಲು ಹೇಳಿದೆ. ಅವರು ಶಿಷ್ಯೆಗೆ ಕಾಲ್ ಮಾಡಿ, ತಾಳ ಹಾಕುತ್ತಾ 'ಸಸ ರಿರಿ ಗಗ ಮಮ' ಎಂದರು. ಆ ಕಡೆಯಿಂದ ಹುಡುಗಿ ಅದನ್ನೇ ಹಾಡಿದಳು, ಎಲ್ಲೂ ಕಡಿಯದೆ.